ಸಂಬಳವಿಲ್ಲದ ಸಹೋದ್ಯೋಗಿಗಳಿಗೆ

ಹಡಪಸರ, ಪುಣೆ

ಮಾನ್ಯ ಪ್ರಾಧ್ಯಾಪಕರೇ,

ನಾನು ಮಗರಪಟ್ಟಾ ಕಡೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು ನಿಮ್ಮ ಸಂಶೋಧನಾ ಲೇಖನಗಳ ಅಲ್ಪವಿರಾಮ ತಿದ್ದುವವನು. ಊರು ಅಕ್ಕಲಕೋಟೆ ತಾಲೂಕು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮರಾಠಿ, ಕಂಪ್ಯೂಟರಿನ ಮುಂದೆ ಇಂಗ್ಲಿಷು. ನೀವು ನಮ್ಮ ದೊಡ್ಡ ಪ್ರಕಾಶನ ಕಂಪನಿಗೆ ಲೇಖನ ಬರೆದುಕೊಡುತ್ತೀರಿ, ಮತ್ತೊಬ್ಬರ ಲೇಖನ ಓದಿ ಜೊಳ್ಳು ಯಾವುದು, ಕಾಳು ಯಾವುದು ಎಂದು ಹೇಳುತ್ತೀರಿ. ಅಂದಮೇಲೆ ನೀವೂ ನಮ್ಮವರೇ. ಸಂಬಳದ ಚೀಟಿ, ಪಿಎಫ್ ಮತ್ತು ದೀಪಾವಳಿಯ ಸಿಹಿ ಡಬ್ಬಿ ನಿಮಗಿಲ್ಲ ಎಂಬುದೊಂದೇ ವ್ಯತ್ಯಾಸ.

ನಿಮಗೆ ಕೃತಜ್ಞತೆ ಹೇಳಬೇಕಿತ್ತು. 2020ರ ಒಂದೇ ವರ್ಷದಲ್ಲಿ ಜಗತ್ತಿನ ವಿದ್ವಾಂಸರು ಲೇಖನ ಪರಿಶೀಲನೆಗೆ ಸುರಿದ ಸಮಯ 10 ಕೋಟಿ ಗಂಟೆಗೂ ಮಿಕ್ಕು ಎಂದು ಮರುವರ್ಷ ಬಂದ ಅಧ್ಯಯನವೊಂದು ಲೆಕ್ಕ ಹಾಕಿತು. ಹಗಲೂ ರಾತ್ರಿ ಬಿಡದೆ ಎಣಿಸಿದರೆ 15,000 ವರ್ಷ. ಅಮೆರಿಕದವರ ಪಾಲಿಗಷ್ಟೇ ಕೂಲಿ ಕಟ್ಟಿದರೂ 150 ಕೋಟಿ ಡಾಲರ್ ದಾಟುತ್ತದಂತೆ. ಈ ಅಂಕಿ ನಮ್ಮ ಮ್ಯಾನೇಜರ್ ಸಾಹೇಬರ ಕಣ್ಣಿಗೆ ಬಿದ್ದಾಗಿನಿಂದ ಅವರು ನಮ್ಮನ್ನು ನೋಡುವ ರೀತಿಯೇ ಬೇರೆಯಾಗಿದೆ. ಡಾಕ್ಟರೇಟ್ ಪಡೆದವರೇ ಬಿಟ್ಟಿ ದುಡಿಯುತ್ತಿರುವಾಗ ಬರೀ ಬಿ.ಎಸ್ಸಿ. ಮಾಡಿದ ಇವನು ಒಂದನೇ ತಾರೀಕಿಗೆ ಕೈಚಾಚುತ್ತಾನಲ್ಲ ಎಂಬ ಬೇಸರ ಅವರ ಮುಖದಲ್ಲಿ ಕಾಣುತ್ತದೆ. ಇನ್‌ಕ್ರಿಮೆಂಟ್ ಕೇಳಲು ಹೋದವರಿಗೆ ಈಗ ನಿಮ್ಮ ಉದಾಹರಣೆ ಕೊಡುತ್ತಾರೆ.

ನನ್ನ ಕೆಲಸ ಏನೆಂದು ನಿಮಗೆ ಗೊತ್ತಿರಲಾರದು. ಪ್ರೂಫಿನ ಜೊತೆ ಬರುವ ಮೇಲ್ ಯಂತ್ರ ಕಳಿಸಿದ್ದೆಂದು ನಿಮ್ಮಲ್ಲಿ ಅನೇಕರ ನಂಬಿಕೆ. ಬೈಗುಳಗಳ ಧಾಟಿ ನೋಡಿದರೆ ತಿಳಿಯುತ್ತದೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಲೇಖಕರ ಹೆಸರು, ಮನೆತನದ ಹೆಸರು ಸರಿಯಾಗಿ ಬಿಡಿಸಿದ್ದೇವೆಯೇ? ಮೊನ್ನೆ ಕಲಬುರಗಿ ಕಡೆಯವರೊಬ್ಬರ ಲೇಖನ ಬಂತು. ಹೆಸರು ಬಸವರಾಜ, ಅಷ್ಟೇ. ಮನೆತನದ ಖಾನೆ ಖಾಲಿ ಬಿಟ್ಟರೆ ಫೈಲು ಮುಂದೆ ಹೋಗದು, ಕೆಂಪು ಗೆರೆ ಎಳೆದು ನಿಲ್ಲುತ್ತದೆ. ಬಸವರಾಜರನ್ನು ಮನೆತನದ ಖಾನೆಗೆ ನೂಕಿದೆ. ಈಗ ಕಂಪ್ಯೂಟರು ಮೊದಲ ಹೆಸರು ಎಲ್ಲಿ ಎಂದು ಕೇಳಿತು. ‘ಬಸವ’ ಇತ್ತ, ‘ರಾಜ’ ಅತ್ತ ಎಂದು ಒಡೆದುಬಿಡೋಣ ಎಂದ ಪಕ್ಕದ ಹುಡುಗ. ಇದಕ್ಕೆಲ್ಲ ಗಡುವು ಇರುತ್ತದೆ, ಗಡಿಯಾರ ಪರದೆಯ ಮೂಲೆಯಲ್ಲೇ ಓಡುತ್ತಿರುತ್ತದೆ. ತಪ್ಪುಗಳಿಗೂ ಜಾತಿಯಿದೆ: ದೊಡ್ಡದು, ಸಣ್ಣದು. ಅಲ್ಪವಿರಾಮ ಬಿಟ್ಟರೆ ಸಣ್ಣದು. ಲೇಖಕರ ಹೆಸರು ಕೆಟ್ಟರೆ ದೊಡ್ಡದು, ವಿಷಯ ಯುರೋಪಿನ ಮೇಲಧಿಕಾರಿಗಳವರೆಗೆ ಏರುತ್ತದೆ. ಲೇಖನದ ಒಳಗೆ ಹೇಳಿದ್ದೇ ಸುಳ್ಳಾಗಿದ್ದರೆ? ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ. ಅದು ನಿಮ್ಮ ಬಿಟ್ಟಿ ಖಾತೆ.

ಹೀಗೆ ಹಂಚಿಹೋದ ಕೆಲಸ ನೋಡಿದಾಗ ಗಳಗನಾಥರ ನೆನಪಾಗುತ್ತದೆ. ಇದೇ ಪುಣೆಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಪಾಪ, ವರ್ಕ್‌ಫ್ಲೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನಮ್ಮಲ್ಲಾದರೆ ಬರೆಯುವವರು ಒಬ್ಬರು, ಹೊರುವವರು ಇನ್ನೊಬ್ಬರು, ಗಂಟು ಬಿಚ್ಚಿ ದುಡ್ಡು ಎಣಿಸುವವರು ಬೇರೆ ಖಂಡದಲ್ಲೇ ಇರುತ್ತಾರೆ.

ದುಡ್ಡಿನ ಮಾತು ಬಂತು. ಲೇಖನವನ್ನು ಎಲ್ಲರೂ ಪುಕ್ಕಟೆ ಓದುವಂತಾಗಬೇಕಾದರೆ ಬರೆದವರೇ ಶುಲ್ಕ ಕಟ್ಟಬೇಕು ಎಂಬುದು ಈಗಿನ ಪದ್ಧತಿ. ‘ನೇಚರ್’ ಪತ್ರಿಕೆ 2021ರಿಂದ ಇದಕ್ಕೆ 9,500 ಯೂರೋ ದರ ಇಟ್ಟಿತು. ಆಗಿನ ಲೆಕ್ಕಕ್ಕೆ ಎಂಟು ಲಕ್ಷ ರೂಪಾಯಿಗೂ ಹೆಚ್ಚು. ಕಟ್ಟಲಾಗದವರ ಲೇಖನ ಓದಲು ಗ್ರಂಥಾಲಯ ಚಂದಾ ಕಟ್ಟಬೇಕು. ಅದನ್ನೂ ಸುಲಭ ಮಾಡಲು ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ನಮ್ಮ ಬೀದರಿನ, ಸೊಲ್ಲಾಪುರದ ಸರ್ಕಾರಿ ಕಾಲೇಜಿನ ಮಕ್ಕಳಿಗೂ ಓದಲು ಸಿಗುವುದು ಸಂತೋಷವೇ, ಅದರಲ್ಲಿ ಕುಹಕವಿಲ್ಲ. ಆದರೆ ಸಂಶೋಧನೆಗೆ ದುಡ್ಡು ಕೊಟ್ಟಿದ್ದು ಸರ್ಕಾರ, ನಿಮ್ಮ ಸಂಬಳ ಕೊಡುವುದು ಸರ್ಕಾರ, ಮುಗಿದ ಮೇಲೆ ಕೊಂಡುಕೊಳ್ಳುವುದೂ ಸರ್ಕಾರ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಮಾತನ್ನು ನಮ್ಮ ಕಂಪನಿಯ ಧ್ಯೇಯವಾಕ್ಯ ಮಾಡಬಹುದೆಂದು ಸಲಹೆ ಪೆಟ್ಟಿಗೆಗೆ ಚೀಟಿ ಹಾಕಿದ್ದೇನೆ.

ಕ್ಯಾಲಿಫೋರ್ನಿಯಾದ ನರವಿಜ್ಞಾನಿ ಲೂಸಿನಾ ಉದ್ದೀನ್ ಅವರು 2024ರ ಸೆಪ್ಟೆಂಬರಿನಲ್ಲಿ ಆರು ದೊಡ್ಡ ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಿದರು. ಪರಿಶೀಲನೆಗೆ ಕೂಲಿ ಕೊಡದಿರುವುದೂ ಅವರ ತಕರಾರುಗಳಲ್ಲೊಂದು. ದಯವಿಟ್ಟು ನೀವು ಈ ಹಾದಿ ತುಳಿಯಬೇಡಿ. ನಿಮಗೆ ಕೂಲಿ ಕೊಟ್ಟರೆ ಮೊದಲು ಕಡಿತವಾಗುವುದು ಹಡಪಸರದಲ್ಲಿ. ಹೇಗೂ ಅದೇ ವರ್ಷ ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನದ ಒಡೆಯ ಕಂಪನಿಯು ವಿದ್ವಾಂಸರ ಬರಹವನ್ನು ಯಂತ್ರಬುದ್ಧಿಗೆ ಉಣಿಸಲು ಮೈಕ್ರೋಸಾಫ್ಟ್ ಜೊತೆ ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಬರೆದವರಲ್ಲಿ ಹಲವರಿಗೆ ಸುದ್ದಿ ಗೊತ್ತಾಗಿದ್ದು ಆಮೇಲೆ. ನೀವು ಬರೆದಿದ್ದು, ನಾವು ತಿದ್ದಿದ್ದು ಓದಿಯೇ ಯಂತ್ರ ಅಲ್ಪವಿರಾಮ ಕಲಿಯುತ್ತದೆ. ಕಲಿತ ಮೇಲೆ ಅದಕ್ಕೂ ಪಿಎಫ್ ಬೇಕಾಗುವುದಿಲ್ಲ.

ನಿಮ್ಮ ಪ್ರೂಫ್ ಇಂದು ಕಳಿಸಿದ್ದೇನೆ, 48 ಗಂಟೆಯೊಳಗೆ ಮರಳಿಸಿ. ಬಾಕಿ ಇರುವುದು ಎರಡೇ ಪ್ರಶ್ನೆ. ಒಂದು, ಬಸವರಾಜರನ್ನು ಏನು ಮಾಡೋಣ? ಎರಡು, ಈ ಸಂಶೋಧನೆಗೆ ಹಣ ಕೊಟ್ಟವರ ಹೆಸರು ಬರೆಯಲು ಖಾನೆ ಇದೆ, ನೀವು ತುಂಬಿದ್ದೀರಿ. ಹಣ ಮಾಡಿದವರ ಹೆಸರಿಗೆ ಖಾನೆ ಸಿಗುತ್ತಿಲ್ಲ, ಅಡಿಟಿಪ್ಪಣಿಯಲ್ಲಿ ಸೇರಿಸಲೇ?

ಇತಿ ನಿಮ್ಮ,
ಸಂಬಳವಿರುವ (ಸದ್ಯಕ್ಕೆ) ಸಹೋದ್ಯೋಗಿ