ಸಕ್ರಿಯ ನಾದಗ್ರಾಹಿಗಳಲ್ಲಿ ರೀತಿ, ರಸ ಮತ್ತು 9 ವೋಲ್ಟು: ಒಂದು ತೌಲನಿಕ ಅನುಸಂಧಾನ

1. ಪ್ರಸ್ತಾವನೆ

ಪ್ರಕೃತ ಪ್ರಬಂಧವು ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಅಡಿಯಲ್ಲಿ ವಿರಾಜಮಾನವಾಗಿರುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದರ ಸ್ವನವೈಶಿಷ್ಟ್ಯವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಗೈಯುವ ವಿನಮ್ರ ಯತ್ನವಾಗಿದೆ. ಲೋಕದವರು ಇದನ್ನು ಆ್ಯಕ್ಟಿವ್ ಪಿಕಪ್ ಎನ್ನುತ್ತಾರೆ. ಲೋಕದವರ ಮಾತಿನಲ್ಲಿ ಬರೆದರೆ ಪ್ರಬಂಧಕ್ಕೆ ತೂಕ ಬಾರದಾದ್ದರಿಂದ 'ಸಕ್ರಿಯ ನಾದಗ್ರಾಹಿ' ಎಂಬ ಪರಿಭಾಷೆಯನ್ನು ಟಂಕಿಸಲಾಗಿದೆ. ಅದರ ಬ್ಯಾಟರಿಗೆ 'ಪ್ರಾಣಕೋಶ' ಎಂದು ಹೆಸರಿಡುವ ಆಲೋಚನೆಯೂ ಇತ್ತು. ತಡೆಯಲು ಮಾರ್ಗದರ್ಶಕರು ಇರಲಿಲ್ಲ. ನನಗೇ ನಾಚಿಕೆಯಾಗಿ ಕೈಬಿಟ್ಟೆ.

ಕ್ಷೇತ್ರಕಾರ್ಯವನ್ನು ಬೆಂಗಳೂರಿನ ಒಂದು ಜ್ಯಾಮ್ ರೂಮಿನಲ್ಲಿ ಕೈಗೊಳ್ಳಲಾಯಿತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೋಣೆ ಅದು. ಮಾಹಿತಿದಾರರು ನಾಲ್ವರು, ಎಲ್ಲರೂ ಟೋನ್ ಪಂಡಿತರು. ಅವರಲ್ಲಿ ಮೂವರು ಗಿಟಾರ್ ತಂದಿರಲಿಲ್ಲ.

2. ಪೂರ್ವಪಕ್ಷ

ನಿಷ್ಕ್ರಿಯ, ಅಂದರೆ ಪ್ಯಾಸಿವ್ ಪಿಕಪ್ಪಿನ ತತ್ತ್ವ ಸರಳ. ಒಂದು ಅಯಸ್ಕಾಂತ, ಅದರ ಸುತ್ತ ತಲೆಕೂದಲಿನಷ್ಟು ಸಪೂರದ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅಷ್ಟೊಂದು ಸುತ್ತು ದಾಟಿ ಬರುವ ಈ ಸಿಗ್ನಲ್ ಬಡಪಾಯಿ. ಅದರ ತಾರಸ್ವರಗಳಲ್ಲಿ ಒಂದು ಪಾಲನ್ನು ಕೇಬಲ್ಲೇ ನುಂಗಿಬಿಡುತ್ತದೆ. ಮೂರು ಮೀಟರ್ ಕೇಬಲ್ ಹಾಕಿದರೆ ಒಂದು ದನಿ, ಹತ್ತು ಮೀಟರ್ ಹಾಕಿದರೆ ಅದಕ್ಕಿಂತ ಮಂಕಾದ ಇನ್ನೊಂದು ದನಿ. ಸಕ್ರಿಯದಲ್ಲಿ ಸುತ್ತು ಕಡಿಮೆ, ಡಬ್ಬಿಯೊಳಗೇ ಸಿಗ್ನಲ್ಲನ್ನು ಹಿಗ್ಗಿಸುವ ಪುಟ್ಟ ಪ್ರಿಆ್ಯಂಪ್, ಗಿಟಾರಿನ ಬೆನ್ನಲ್ಲಿ 9 ವೋಲ್ಟಿನ ಬ್ಯಾಟರಿ. ಹೊರಗೆ ಬರುವ ಹೊತ್ತಿಗೇ ಸಿಗ್ನಲ್ ಗಟ್ಟಿಯಾಗಿರುತ್ತದೆ. ಕೇಬಲ್ ಎಷ್ಟುದ್ದವಿದ್ದರೂ ಅದಕ್ಕೆ ಲೆಕ್ಕವಿಲ್ಲ.

ಕೇಬಲ್ ನುಂಗಿದ್ದಕ್ಕೆ ಪಂಡಿತರು ಇಟ್ಟ ಹೆಸರು ಮಾಧುರ್ಯ. ನುಂಗದೆ ಉಳಿದದ್ದಕ್ಕೆ ಇಟ್ಟ ಹೆಸರು ನಿರ್ಜೀವ. ಹಾಲಿಗೆ ನೀರು ಬೆರೆಸುವವನು 'ನಮ್ಮದು ತೆಳು ಅಲ್ಲಮ್ಮ, ಮೃದು' ಅಂದ ಹಾಗೆ.

ವ್ಯತ್ಯಾಸವೇ ಇಲ್ಲವೆಂದು ನನ್ನ ವಾದವಲ್ಲ. ಇದೆ. ಪ್ಯಾಸಿವ್ ಗಿಟಾರಿನಲ್ಲಿ ವಾಲ್ಯೂಮ್ ತಿರುಪನ್ನು ಅರ್ಧಕ್ಕೆ ಇಳಿಸಿದಾಗ ದನಿಯ ಅಂಚು ಮಸುಕಾಗುವ ರೀತಿ ನನಗೂ ಇಷ್ಟ. ಇಷ್ಟ ಎಂದು ಹೇಳಿದರೆ ಸಾಕಲ್ಲವೇ? ಸಾಲದು. ಅದಕ್ಕೇ ಮುಂದಿನ ಭಾಗ.

3. ರೀತಿವಿಚಾರ

ವಾಮನನು ಕಾವ್ಯಕ್ಕೆ ವೈದರ್ಭಿ, ಗೌಡೀ, ಪಾಂಚಾಲೀ ಎಂಬ ಮೂರು ರೀತಿಗಳನ್ನು ಹೇಳಿದ್ದಾನೆ. ರಾಬ್ ಟರ್ನರ್ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿ ಮುಂದೆ ಇಎಂಜಿ ಎಂದು ಹೆಸರಾದ ಕಂಪನಿಯೂ ಕಾಕತಾಳೀಯವೆಂಬಂತೆ ಮೂರು ಮುಖ್ಯ ಡಬ್ಬಿಗಳನ್ನು ಲೋಕಕ್ಕೆ ಕೊಟ್ಟಿದೆ.

3.1 ಇಎಂಜಿ 81, ಗೌಡೀ ರೀತಿ. ಸೆರಾಮಿಕ್ ಅಯಸ್ಕಾಂತ. ಓಜೋಗುಣಪ್ರಧಾನ, ದೀರ್ಘಸಮಾಸಭೂಯಿಷ್ಠ. ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ನನ್ನು ಕಿವಿ ಹರಿಯುವಷ್ಟು ಏರಿಸಿದರೂ ಪ್ರತಿ ಸ್ವರ ಅಕ್ಕಿಕಾಳಿನಂತೆ ಬಿಡಿಬಿಡಿಯಾಗಿ ನಿಲ್ಲುತ್ತದೆ.

3.2 ಇಎಂಜಿ 85, ವೈದರ್ಭಿ. ಆಲ್ನಿಕೊ ಅಯಸ್ಕಾಂತ. ತಗ್ಗುಸ್ವರಗಳಲ್ಲಿ ದುಂಡುತನ, ಪ್ರಸಾದಗುಣ. ಸಾಮಾನ್ಯವಾಗಿ ಗಿಟಾರಿನ ಕತ್ತಿನ ಕಡೆ ಇರುತ್ತದೆ.

3.3 ಇಎಂಜಿ 60, ಪಾಂಚಾಲೀ. ಡಿಸ್ಟಾರ್ಷನ್ ಇಲ್ಲದ ತಿಳಿದನಿಗೆ ಹೇಳಿ ಮಾಡಿಸಿದ್ದು.

3.4 ರುದ್ರಟನು ಲಾಟೀ ಎಂಬ ನಾಲ್ಕನೆಯ ರೀತಿಯನ್ನು ಸೇರಿಸಿದ. ಅದಕ್ಕೆ ಫಿಶ್‌ಮನ್ ಫ್ಲೂಯೆನ್ಸನ್ನು ಹೊಂದಿಸಬಹುದು. ಅದರಲ್ಲಿ ತಂತಿ ಸುತ್ತುವುದೇ ಇಲ್ಲ. ಸರ್ಕ್ಯೂಟ್ ಬೋರ್ಡಿನ ಮೇಲೆ ಸುರುಳಿಯನ್ನು ಅಚ್ಚುಹಾಕಿ ಪದರದ ಮೇಲೆ ಪದರ ಜೋಡಿಸುತ್ತಾರೆ. ಆದಕಾರಣ ಲಾಟೀ ರೀತಿಯ ಸಮಾಸಲಕ್ಷಣಕ್ಕೂ... ಬೇಡ, ಬಿಡಿ. ವಾಮನನಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು.

4. ರಸಮೀಮಾಂಸೆ

ಟೋನ್ ಪಂಡಿತರ ಶಬ್ದಕೋಶ ಹುಟ್ಟಿದ್ದು ಅಡುಗೆಮನೆಯಲ್ಲಿ. ಬೆಣ್ಣೆಯಂಥ ಟೋನ್, ಚಾಕೊಲೇಟ್ ಟೋನ್, ಆರ್ಗ್ಯಾನಿಕ್ ಟೋನ್. ನಮ್ಮ ನಾಲ್ವರಲ್ಲಿ ಹಿರಿಯರಾದವರು ಆ್ಯಕ್ಟಿವ್ ಪಿಕಪ್ಪಿನ ವಿಷಯ ಬಂದಾಗಲೆಲ್ಲ 'ಪ್ಲಾಸ್ಟಿಕ್ ಲೋಟದಲ್ಲಿ ಫಿಲ್ಟರ್ ಕಾಫಿ ಕೊಟ್ಟ ಹಾಗೆ' ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಇದೇ ಹಿರಿಯರು ಪಿಂಕ್ ಫ್ಲಾಯ್ಡಿನ 1994ರ ಕಛೇರಿಗಳಲ್ಲಿ ಡೇವಿಡ್ ಗಿಲ್ಮೋರ್ ನುಡಿಸಿದ್ದನ್ನು ಹಾಕಿದರೆ ಕಣ್ಣು ಒರೆಸಿಕೊಳ್ಳುತ್ತಾರೆ. ಗಿಲ್ಮೋರನ ಆ ಕೆಂಪು ಸ್ಟ್ರ್ಯಾಟ್ ಗಿಟಾರಿನಲ್ಲಿದ್ದದ್ದು ಮೂರು ಇಎಂಜಿ ಎಸ್‌ಎ, ಮೂರೂ ಬ್ಯಾಟರಿ ತಿನ್ನುವಂಥವು. ಒಂದು ದಿನ ಹೇಳಿಯೇಬಿಟ್ಟೆ.

'ಅದು ಗಿಲ್ಮೋರ್ ಕೈ ಕಣಯ್ಯಾ!' ಅಂದರು.

ಕೈ! ಹೌದಲ್ಲ ಸ್ವಾಮಿ, ಕೈಯೇ. ಚೆನ್ನಾಗಿ ಕೇಳಿಸಿದರೆ ಕೈ, ಚೆನ್ನಾಗಿ ಕೇಳಿಸದಿದ್ದರೆ ಪಿಕಪ್ಪು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಇವರೆಲ್ಲ ನನ್ನ ಜೊತೆಯಲ್ಲೇ ನಿಂತು ಗಂಟಲು ಹರಿದುಕೊಂಡರು. ಹೆಟ್‌ಫೀಲ್ಡ್, ಹ್ಯಾಮೆಟ್, ಆ ತಂಡದ ಗಿಟಾರಿಗರಿಬ್ಬರೂ, 81 ಮತ್ತು 60ಕ್ಕೇ ಹೆಸರಾದವರು. ಆವತ್ತು ಒಬ್ಬರಿಗೂ ಪ್ಲಾಸ್ಟಿಕ್ ಲೋಟ ನೆನಪಾಗಲಿಲ್ಲ.

ಇಷ್ಟು ಹೊತ್ತಿಗೆ 5ನೆಯ ಭಾಗ ಬರಬೇಕಿತ್ತು. ಬರೆಯಲು ಕೂತಾಗಲೆಲ್ಲ ಆ ಹುಡುಗ ಅಡ್ಡ ಬರುತ್ತಾನೆ.

ತಿಪಟೂರಿನ ಕಡೆಯವನು. ಹಗಲು ಬೈಕಿನಲ್ಲಿ ಊಟದ ಪಾರ್ಸಲ್ ಹೊತ್ತು ತಿರುಗುವ ಕೆಲಸ. ವರ್ಷಗಟ್ಟಲೆ ದುಡ್ಡು ಕೂಡಿಹಾಕಿ ಒಂದು ಸೆಕೆಂಡ್‌ಹ್ಯಾಂಡ್ ಗಿಟಾರ್ ಕೊಂಡಿದ್ದ. ಅದರಲ್ಲಿ 81 ಮತ್ತು 85 ಇದ್ದವು. ಜ್ಯಾಮ್ ರೂಮನ್ನು ಒಂದು ಗಂಟೆಗೆ ಹಿಡಿದಿದ್ದ. ನಾವು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಅವನು ಚೀಲದ ಜಿಪ್ ಎಳೆದು ಗಿಟಾರ್ ತೆಗೆಯುವಷ್ಟರಲ್ಲೇ ಹಿರಿಯರು 'ಅಯ್ಯೋ, ಆ್ಯಕ್ಟಿವಾ?' ಅಂದರು. ಸತ್ತವರ ಮನೆಯಲ್ಲಿ ಮಾತಾಡಿಸುವ ದನಿಯಲ್ಲಿ.

ಅಲ್ಲಿಂದ ಶುರುವಾಯಿತು. ಆ್ಯಕ್ಟಿವಿನ ವಾಲ್ಯೂಮ್ ತಿರುಪಿನ 25ಕೆ ಪಾಟ್ ಎಲ್ಲಿ, ಪ್ಯಾಸಿವಿನ 500ಕೆ ಪಾಟ್ ಎಲ್ಲಿ. ಮಿಡ್ಸ್, ಅಂದರೆ ನಡುಸ್ವರಗಳು, ಎಲ್ಲಿ. ಸೆರಾಮಿಕ್ ಎಂದರೆ ಶವ, ಆಲ್ನಿಕೊ ಎಂದರೆ ಉಸಿರು. ಇವನ್ನು ಕಿತ್ತುಹಾಕಿಸು, ಇಂಥದ್ದು ಹಾಕಿಸು, ಇಂತಿಷ್ಟು ಸಾವಿರ ಆಗುತ್ತದೆ. ಹುಡುಗ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು 'ಹೂಂ ಸಾರ್, ಹೂಂ ಸಾರ್' ಅನ್ನುತ್ತಿದ್ದ. ಕೈ ಮಾತ್ರ ಪಿಕಪ್ಪುಗಳನ್ನು ಮುಚ್ಚಿಕೊಂಡಿತ್ತು. ನಲವತ್ತು ನಿಮಿಷ! ಅವನ ಗಂಟೆ ಅದು, ಅವನು ಬಿಸಿಲಲ್ಲಿ ತಿರುಗಿ ದುಡಿದು ಬಾಡಿಗೆ ಕೊಟ್ಟ ಗಂಟೆ. ಅವನು ಇನ್ನೂ ಒಂದು ತಂತಿ ಮೀಟಿರಲಿಲ್ಲ. ಒಬ್ಬರಾದರೂ 'ಏನು ನುಡಿಸ್ತೀಯಪ್ಪ?' ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದಿದ್ದರೂ ಹೋಗಲಿ, 'ಹೌದು, ಸ್ವಲ್ಪ ಸ್ಟೆರೈಲ್ ಅನ್ಸುತ್ತೆ' ಎಂದು ಒಂದು ಮಾತು ನಾನೂ ಸೇರಿಸಿದೆ. ನನಗೆ ಗಿಟಾರ್ ಸಿಕ್ಕಿ ಹನ್ನೊಂದು ವರ್ಷ. ಮೂರು ಸಲ ಪಿಕಪ್ ಬದಲಿಸಿದ್ದೇನೆ. ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ನುಡಿಸಬಲ್ಲ ಹಾಡು ಒಂದೂ ಇಲ್ಲ.

ಕೊನೆಗೆ ಹುಡುಗ ಕೇಬಲ್ ಚುಚ್ಚಿದ. ಕರಕರ ಎಂದಿತು, ಅಷ್ಟೇ. ಈ ಗಿಟಾರುಗಳಲ್ಲಿ ಜ್ಯಾಕೇ ಬ್ಯಾಟರಿಯ ಸ್ವಿಚ್ಚು. ಕೇಬಲ್ ಚುಚ್ಚಿದ್ದಷ್ಟು ಹೊತ್ತೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಒಂದೇ ಪಿಕಪ್ ಇದ್ದರೆ ಹೊಸ ಬ್ಯಾಟರಿ ಸುಮಾರು 3000 ಗಂಟೆ ಬರುತ್ತದೆಂದು ಕಂಪನಿಯ ಲೆಕ್ಕ. ಮಾರಿದ ಅಂಗಡಿಯವರು ತಿಂಗಳುಗಟ್ಟಲೆ ಕೇಬಲ್ ಕೀಳದೆ ಗೋಡೆಗೆ ನೇತುಹಾಕಿದ್ದರಂತೆ. ಹಿರಿಯರು 'ನೋಡಿದೆಯಾ' ಎಂಬಂತೆ ನನ್ನ ಕಡೆ ನೋಡಿದರು.

ಹುಡುಗ ಮಾತಾಡಲಿಲ್ಲ. ಬೈಕಿನ ಕೀ ತುದಿಯಲ್ಲೇ ಹಿಂದಿನ ಮುಚ್ಚಳದ ಸ್ಕ್ರೂ ತಿರುಗಿಸಿ ಬ್ಯಾಟರಿ ಬಿಚ್ಚಿ, ಅದರ ಎರಡೂ ಗುಬುಟುಗಳನ್ನು ನಾಲಿಗೆಗೆ ಮುಟ್ಟಿಸಿದ. 'ಸಪ್ಪೆ ಸಾರ್' ಎಂದು ಕೆಳಗಿನ ಎಲೆಕ್ಟ್ರಿಕಲ್ ಅಂಗಡಿಗೆ ಓಡಿದ. ಹೊಸದು ತಂದು ಅದನ್ನೂ ನಾಲಿಗೆಗೆ ಹಿಡಿದ. ಮುಖ ಹಿಂಡಿಕೊಂಡು, ಕಣ್ಣು ಮುಚ್ಚಿ, ನಕ್ಕ. 'ಚುರ್ ಅಂತು ಸಾರ್.' ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನಡೆದ ರಸಾನುಭವ ಅದೊಂದೇ.

ಎಂಟು ನಿಮಿಷ ಉಳಿದಿತ್ತು. ಎಂಟೂ ನಿಮಿಷ ನುಡಿಸಿದ. ಯಾವ ಹಾಡು ಎಂದು ಕೇಳಿದರೆ ಹೇಳಲಾರೆ. ನಾನು ಆಗ ಮಿಡ್ಸ್ ಕೇಳುತ್ತಿದ್ದೆ.