ಬಿಂದುಸಾಂದ್ರತಾ ಮೀಮಾಂಸೆ ಅರ್ಥಾತ್ ಚಾಳೀಸು ಪ್ರಕರಣ

ಗವಾಕ್ಷದಿಂದ ತೂರಿಬಂದ ಬಿಸಿಲುಕೋಲಿನಲ್ಲಿ ಕುಣಿಯುವ ಧೂಳಿನ ಕಣವನ್ನು ತ್ರಸರೇಣುವೆಂದು ಕರೆದು, ಕಣ್ಣಿಗೆ ಕಾಣುವುದರಲ್ಲಿ ಅದೇ ಅತ್ಯಲ್ಪವೆಂದು ನಿರ್ಣಯಿಸಿ ಪ್ರಾಚೀನರು ನಿಶ್ಚಿಂತರಾದರು. ಆಧುನಿಕರಿಗೆ ಆ ಭಾಗ್ಯವಿಲ್ಲ. 1862ರಲ್ಲಿ ಡಚ್ ವೈದ್ಯನಾದ ಸ್ನೆಲನ್ನನು ಅಕ್ಷರಫಲಕವನ್ನು ರಚಿಸಿ, ನಿರ್ದುಷ್ಟನೇತ್ರವು ಅಂಶದ ಅರವತ್ತನೆಯ ಪಾಲನ್ನು, ನಮ್ಮ ಜೋಯಿಸರ ಮಾತಿನಲ್ಲಿ ಒಂದು ಕಲೆಯನ್ನು, ಬೇರ್ಪಡಿಸಿ ಕಾಣಬಲ್ಲುದೆಂಬುದನ್ನೇ ಅಳತೆಗೋಲಾಗಿಸಿದನು. 2010ರಲ್ಲಿ ಸ್ಟೀವ್ ಜಾಬ್ಸರು ಐಫೋನ್ 4 ಅನ್ನು ಎತ್ತಿಹಿಡಿದು, ಹತ್ತು ಹನ್ನೆರಡು ಅಂಗುಲ ದೂರದಲ್ಲಿ ಅಂಗುಲಕ್ಕೆ ಸುಮಾರು 300 ಪಿಕ್ಸೆಲ್ ಆದರೆ ಕಣ್ಣು ಸೋತಿತೆಂದೂ ತಮ್ಮದು 326 ಎಂದೂ ಸಾರಿದರು. 2015ರಲ್ಲಿ ಸೋನಿಯವರು 806ಕ್ಕೆ ಏರಿದರು. ಸೋತ ಕಣ್ಣನ್ನು ಮತ್ತೆ ಸೋಲಿಸುವುದು ಯಾವ ಶೌರ್ಯವೋ ನಾವರಿಯೆವು.

ಇಂತಿರಲು ಚನ್ನಗಿರಿ ಸೀಮೆಯ ನಲ್ಲೂರಿನಲ್ಲಿ, ಐವತ್ತು ಮೀರಿದ ಅಡಿಕೆ ತೋಟದ ಯಜಮಾನರೊಬ್ಬರು ರಾಶಿ ಅಡಿಕೆಯ ಧಾರಣೆ ನೋಡಲೆಂದು ಅಂಗಿಯ ಜೇಬಿನಿಂದ ಫೋನು ತೆಗೆದು, ಚೊಗರು ಹತ್ತಿದ ಹೆಬ್ಬೆರಳಿನಿಂದ ಗಾಜನ್ನೊಮ್ಮೆ ಉಜ್ಜಿ, ಅದು ಮತ್ತಷ್ಟು ಮಸುಕಾಗಲು ಪಂಚೆಯ ಚುಂಗಿನಿಂದ ಒರೆಸಿ, ಕೈಯನ್ನು ನೀಳವಾಗಿ ಚಾಚಿ, ಕತ್ತನ್ನು ಹಿಂದಕ್ಕೆಳೆದು, ಹುಬ್ಬೇರಿಸಿದುದನ್ನು ನಾವು ಕಣ್ಣಾರೆ ಕಂಡೆವು. ನಲವತ್ತು ದಾಟಿದವರ ಕಣ್ಣಿನ ಮಸೂರ ಬಿಗಿದುಕೊಂಡು ಹತ್ತಿರದ ವಸ್ತುವಿಗೆ ಹೊಂದದಾಗುವುದು. ಕನ್ನಡಕಕ್ಕೆ ಚಾಳೀಸೆಂಬ ಹೆಸರು ಬಂದುದೇ ಆ ನಲವತ್ತರಿಂದ. ಆದಕಾರಣ ಸೂತ್ರ: ಬಾಹೌ ಪ್ರಸಾರಿತೇ ಬಿಂದುಕ್ಷಯಃ. ಭಾಷ್ಯವೆಂತೆಂದರೆ, ಒಂದು ಕಲೆಯ ಲೆಕ್ಕದಂತೆ ಚಾಚಿದ ಕೈಯ 24 ಅಂಗುಲ ದೂರಕ್ಕೆ ಅಂಗುಲಕ್ಕೆ 143 ಪಿಕ್ಸೆಲ್ ಸಾಕು. ಉದ್ದಗಲಗಳೆರಡನ್ನೂ ಗುಣಿಸಲು, ಜಾಬ್ಸರು ಕೊಟ್ಟ ಐದು ಪಿಕ್ಸೆಲ್ಲುಗಳಲ್ಲಿ ನಾಲ್ಕು ದಂಡ. ಸೋನಿಯವರ ಲೆಕ್ಕವನ್ನು ಮಾಡುವ ಧೈರ್ಯ ನಮಗಿಲ್ಲ.

ಪೂರ್ವಪಕ್ಷವೊಂದುಂಟು. ಕನ್ನಡ ಲಿಪಿ ಸೂಕ್ಷ್ಮವಾದುದು. ಥಕಾರಕ್ಕೂ ಧಕಾರಕ್ಕೂ ಒಂದು ಚುಕ್ಕೆಯ ಅಂತರ, ಧಕಾರಕ್ಕೂ ದಕಾರಕ್ಕೂ ಹೊಟ್ಟೆ ಸೀಳಿದ ಒಂದು ಗೀಟಿನ ಅಂತರ. ಪಿಕ್ಸೆಲ್ ವಿರಳವಾದರೆ ಧಾರಣೆಯು ದಾರಣೆಯಾದೀತೆಂದು ವೈಯಾಕರಣರು ಆಕ್ಷೇಪಿಸುವರು. ನಲ್ಲೂರಿನಲ್ಲಿ ಈ ಆಕ್ಷೇಪ ನಿಲ್ಲದು. ಹೊಟ್ಟೆ ಸೀಳಿದರೂ ಸೀಳದಿದ್ದರೂ ಧಾರಣೆ ಇಳಿದದ್ದು ಇಳಿದದ್ದೇ.

ಅಷ್ಟರಲ್ಲಿ ಯಜಮಾನರು ಕೈಸೋತು, ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗನಿಗೆ ಫೋನು ಕೊಟ್ಟು, “ರಾಶಿ ಎಷ್ಟಾಗೇತಿ ನೋಡಲೇ” ಎಂದರು.

ಆದುದರಿಂದ ಫೋನು ತಯಾರಿಸುವ ಮಹನೀಯರಲ್ಲಿ ನಮ್ಮ ಸವಿನಯ ವಿಜ್ಞಾಪನೆ: ಪಿಕ್ಸೆಲ್ಲುಗಳು ಇದ್ದಷ್ಟೇ ಇರಲಿ, ಮುಂದಿನ ಮಾದರಿಯ ಪೆಟ್ಟಿಗೆಯಲ್ಲಿ ಚಾರ್ಜರಿನ ಜಾಗ ಹೇಗೂ ಖಾಲಿಯಿರುವುದರಿಂದ, ಅಲ್ಲಿ ಒಂದು ಚಾಳೀಸನ್ನಿಟ್ಟು ಕಳುಹಿಸತಕ್ಕದ್ದು.