ತಲಿ ಎರಕೊಂಡ ಮ್ಯಾಲ

ಯಕ್ಕಾ, ಮಗಳಿಗೆ ಹೇಳು, ಹಸಿ ಕೂದ್ಲಿಗೆ ಟಾವೆಲ್ ಹುರಿ ಮಾಡಿ ಬಡೀಬ್ಯಾಡ ಅಂತ. ಸಪ್ಪಳ ಈ ಗ್ವಾಡಿ ದಾಟಿ ನಮ್ಮ ಪಡಸಾಲಿತನಕ ಬರ್ಲಾಕತ್ತದ. ನಮ್ಮವ್ವ, ನಿಮ್ಮವ್ವ ಎಲ್ಲಾರೂ ಹಂಗೇ ಬಡದು ಒಣಗಿಸ್ಯಾರ, ಇಲ್ಲಂತಿಲ್ಲ. ಆದ್ರ ಕೂದ್ಲ ತೊಯ್ದಾಗೇ ಭಾಳ ನಾಜೂಕ. ನೀರು ಒಳಗ ಹೊಕ್ಕು ಉಬ್ಬಿರ್ತದ, ಒಳಗಿನ ಪ್ರೋಟೀನ್ ಎಳಿಗೋಳನ್ನ ಹಿಡಿದಿಟ್ಟ ಹೈಡ್ರೋಜನ್ ಬಂಧ ಸಡ್ಲಾಗಿರ್ತಾವ. ಆ ಹೊತ್ತಿನಾಗ ಬಡದ್ರ, ತಿಕ್ಕಿದ್ರ, ಸಣ್ಣ ಹಲ್ಲಿನ ಹಣಿಗಿ ಹಾಕಿ ಜಗ್ಗಿದ್ರ ಮ್ಯಾಲಿನ ಪದರ ಕಿತ್ತು ಹೋಗ್ತದ.

ತುದಿ ಸೀಳ್ಯಾವ ಅಂತ ಮನಸ್ಸಿಗೆ ಹಚ್ಕೊಂಡಾಳ ಪಾಪ. ಕೂದ್ಲ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೀತದ. ಆಕಿ ಜಡಿ ಸೊಂಟ ಮುಟ್ಟೇದ ಅಂದ್ರ ತುದಿಗೆ ಐದು ವರ್ಷ ಆಗ್ಯಾವ. ಐದು ಬ್ಯಾಸಿಗಿ ಕಲಬುರಗಿ ಬಿಸಿಲು ಕಂಡದ್ದು ಅದು! ಬುಡದಾಗ ಜೀವ ಅದ, ತುದ್ಯಾಗ ಇಲ್ಲ. ಸೀಳಿದ್ದು ಮತ್ತ ಕೂಡಂಗಿಲ್ಲ, ಎರಡು ಬೆರಳು ಕತ್ತರಿಸಿ ಬಿಡ್ಲಿ. ಉಳದದ್ದು ಕಾಪಾಡಿಕೊಂಡ್ರ ಸಾಕು.

ನನಗ ಎಲ್ಲಾಕಿಂತ ಚಿಂತಿ ನೀರಿಂದು. ನಮ್ಮ ಶರಣಸಿರಸಗ್ಯಾಗ ಬೋರಿನ ನೀರು ಕಾಸಿದ ಹಂಡೇದ ಒಳಗ ನೋಡು, ಬಿಳಿ ಸುಣ್ಣ ಹೆಪ್ಪುಗಟ್ಟಿರ್ತದ. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಾಗ ಸುಣ್ಣದ ಕಲ್ಲೇ ಅದ, ಅದಕ್ಕೇ ಅಲ್ಲಿ ಪರ್ಸಿ ಖಣಿ, ಸಿಮೆಂಟ್ ಕಾರ್ಖಾನಿ. ಕರಿಕಲ್ಲಿನ ನೆಲದಾಗೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಏನು ಕಡಿಮಿ ಇರಂಗಿಲ್ಲ. ನೀರು ಆಳಕ್ಕಿಳಿದಂಗ ಅವನ್ನ ಕರಗಿಸಿಕೊಂಡು ಬರ್ತದ. ಹಂಡೇಕ ಹತ್ತಿದ್ದೇ ಕೂದ್ಲಿಗೂ ಹತ್ತತದ. ಹಾಳಾಗಿದ್ದ ಕೂದ್ಲಿಗೆ ಇನ್ನಷ್ಟು ಹತ್ತತದ, ಮುಟ್ಟಿದ್ರ ಬರಡು ಬರಡು.

ಆ ನೀರಿಗೆ ಮೈ ಸಾಬಾಣ ಹಚ್ಚಿದ್ರಂತೂ ಕೆಟ್ಟೇ ಹೋತು. ಸಾಬಾಣ, ಸುಣ್ಣ ಕೂಡಿ ಒಡದು ಬಿಳಿ ಕಿಟ್ಟ ಆಗ್ತದ, ಎಷ್ಟು ತೊಳದ್ರೂ ಬಿಡಂಗಿಲ್ಲ. ಮ್ಯಾಲ ಸಾಬಾಣದ ಕ್ಷಾರ ಬ್ಯಾರೆ, ಕೂದಲಿನ ಪದರ ಎಬ್ಬಿಸಿ ಒಂದಕ್ಕೊಂದು ಸಿಕ್ಕು ಹಾಕ್ತದ. ಶಾಂಪೂ ಹಂಗ ಒಡಿಯಂಗಿಲ್ಲ, ಸೀಗಿಕಾಯಿನೂ ಒಡಿಯಂಗಿಲ್ಲ. ಯಾವುದಾದ್ರೂ ಹಚ್ಲಿ, ಬುಡಕ್ಕಷ್ಟೇ ಹಚ್ಚಿ ಬೆರಳಿಂದ ತಿಕ್ಕಲಿ. ಕೊಳಿ, ಜಿಡ್ಡು ಇರೋದು ಅಲ್ಲೇ. ಇಳಿಯೋ ನೊರಿಗೇ ತುದಿ ಸ್ವಚ್ಛ ಆಗ್ತದ. ನಳದಾಗ ಭೀಮಾ, ಬೆಣ್ಣೆತೊರಾ ನೀರು ಬಂದ ದಿನ ಎರಕೊಂಡ್ರ ಚೊಲೊ, ಮಳಿ ನೀರು ಹಿಡದಿಟ್ಟಿದ್ರ ಇನ್ನೂ ಚೊಲೊ. ಬೋರೇ ಗತಿ ಅಂದ್ರ ಕಡೀ ತಂಬಗಿ ನೀರಿಗೆ ನಾಕು ಹನಿ ನಿಂಬಿರಸ ಬಿಟ್ಟು ಸುರಕೊಂಡು, ಮತ್ತೊಂದು ತಂಬಗಿ ಬರೇ ನೀರು ಹಾಕ್ಕೊಳ್ಲಿ. ಕುದಿ ಕುದಿ ನೀರು ಮಾತ್ರ ಬ್ಯಾಡ.

ಎಣ್ಣಿ ಎರಕೊಳ್ಳೋಕಿಂತ ಮೊದಲೇ ಹಚ್ಚಬೇಕು, ಹಿರ್ಯಾರು ಮಾಡಿದ್ದು ಅದೊಂದು ಭಾಳ ಬರೋಬ್ಬರಿ. ಮುಂಬಯಿಯ ಮಾರಿಕೊ ಕಂಪನಿಯವರು 2003ರಾಗ ಪರೀಕ್ಷಾ ಮಾಡಿ ಪ್ರಕಟ ಮಾಡ್ಯಾರ: ಕೊಬ್ರಿ ಎಣ್ಣಿ ಕೂದಲಿನ ಒಳಗ ಇಳದು ತೊಳಿಯೋವಾಗ ಪ್ರೋಟೀನ್ ಹೋಗೋದು ಕಡಿಮಿ ಮಾಡ್ತದ, ಸೂರ್ಯಕಾಂತಿ ಎಣ್ಣಿ, ಖನಿಜ ಎಣ್ಣಿ ಹಂಗ ಮಾಡಂಗಿಲ್ಲ. ಕೊಬ್ರಿ ಎಣ್ಣಿ ಮಾರೋ ಕಂಪನಿ ಅದು ಅಂಬೋದು ನೆಪ್ಪಿರಲಿ. ಆದ್ರೂ ನಾ ನಂಬ್ತೀನಿ, ಯಾಕಂದ್ರ ಆ ಎಣ್ಣ್ಯಾಗಿನ ಲಾರಿಕ್ ಆಮ್ಲದ ಕಣ ಸಣ್ಣದು, ನೆಟ್ಟಗಿನದು, ಒಳಗ ಹೋಗ್ಲಿಕ್ಕೆ ಅನುಕೂಲ. ತುದಿಗೆ ಮರೀದೆ ಹಚ್ಲಿ, ಎಲ್ಲಾರೂ ನೆತ್ತಿಗೇ ಸುರಕೊಂಡು ಬಿಡ್ತಾರ.

ಒಣಗಸೋದಕ್ಕ ನಿಮ್ಮ ಮಾವನ ಹಳೀ ಧೋತರ ಮೆತ್ತಗ ಆಗಿರ್ತದಲ್ಲ, ಅದು ಸಾಕು. ಸುತ್ತಿ ಒತ್ತಿ ನೀರು ಹೀರಸಲಿ, ತಿಕ್ಕಬ್ಯಾಡ. ಸಿಕ್ಕು ದೊಡ್ಡ ಹಲ್ಲಿನ ಹಣಿಗಿಲೆ ತುದಿಯಿಂದ ಬಿಡಿಸ್ಕೋತ ಮ್ಯಾಲ ಹೋಗ್ಲಿ. ಏಪ್ರಿಲ್, ಮೇದಾಗ 42 ಡಿಗ್ರಿ ದಾಟೋ ಊರು ನಮ್ಮದು, ನೆರಳಾಗ ನಿಂತ್ರೂ ಒಣಗತದ. ಮಾಳಿಗಿ ಬಿಸಿಲು ಕೂದಲಿನ ಬಣ್ಣ ಸುಟ್ಟು ತುದಿ ಕೆಂಪಗ ಮಾಡ್ತದ. ಹಂಗಂತ ಹಸೀದೇ ತುರುಬು ಕಟ್ಕೊಂಡು ಕೆಲಸಕ್ಕ ಓಡೋದೂ ತಪ್ಪು. ಕೊರಿಯಾದವರು 2011ರಾಗ ನೋಡಿದ್ರ, ತಾನಾಗೇ ಒಣಗಲಿ ಅಂತ ಭಾಳ ಹೊತ್ತು ಹಸಿ ಬಿಟ್ಟ ಕೂದ್ಲಿಗೆ ಒಳಗ ಹಾನಿ ಆಗಿತ್ತು. ಹೇರ್ ಡ್ರೈಯರ್ ಮ್ಯಾಲಿನ ಪದರ ಕೆಡಸ್ತದ ಖರೇ, 15 ಸೆಂಟಿಮೀಟರ್ ದೂರ ಹಿಡದು ಆಡಿಸ್ಕೋತ ಇದ್ರ ಅಷ್ಟು ಕೆಡಂಗಿಲ್ಲ ಅಂತ ಕಂಡ್ರು. ಮಳಿಗಾಲದಾಗ ಹಂಗ ಮಾಡ್ಲಿ.

ಸೀಗಿಕಾಯಿ ಪುಡಿ ನಮ್ಮನ್ಯಾಗ ಅದ, ಒಂದು ಬಟ್ಟಲ ಕೊಡ್ತೀನಿ. ತೆಳು ಅರಿವ್ಯಾಗ ಸೋಸಿ ಆ ನೀರಷ್ಟೇ ಹಚ್ಲಿ. ತರಿ ಉಳದ್ರ ಅದೂ ಕೂದ್ಲ ಕೆರೀತದ. ಕಣ್ಣು ಗಟ್ಟಿ ಮುಚ್ಕೊಳ್ಳಕ್ಕ ಹೇಳು, ಭಾಳ ಉರೀತದ.